ಊರಿನ ನಕ್ಷೆಯೇ ಸರಕು: ಪರಂಪರೆ ನಡಿಗೆಗಳ ಲೆಕ್ಕಾಚಾರ ಮತ್ತು ತುರುವೇಕೆರೆ

ಪ್ರವಾಸೋದ್ಯಮವೆಂದೊಡನೆ ತಾರಾ ಹೋಟೆಲು, ಐಷಾರಾಮಿ ಬಸ್ಸು, ರೆಸಾರ್ಟುಗಳನ್ನೇ ಕಣ್ಣಮುಂದೆ ತಂದುಕೊಳ್ಳುವುದು ವರ್ತಕ ವಲಯದ ರೂಢಿ. ಅದಕ್ಕೆ ಬೇಕಾಗುವ ಬಂಡವಾಳ ದೊಡ್ಡದು, ನಷ್ಟದ ಸಂಭವವೂ ದೊಡ್ಡದು. ಆದುದರಿಂದ ತಾಲ್ಲೂಕು ಕೇಂದ್ರಗಳ ಅಂಗಡಿಕಾರರೂ ಸಣ್ಣ ಉದ್ದಿಮೆದಾರರೂ ಈ ವಿಷಯ ತಮಗೆ ಸಂಬಂಧಪಟ್ಟುದಲ್ಲವೆಂದು ಬದಿಗಿರಿಸುತ್ತಾರೆ. ಆದರೆ ಇದೇ ಉದ್ಯಮದ ಒಂದು ಕಿರುಕವಲು ಕಳೆದ ಮೂರು ದಶಕಗಳಲ್ಲಿ ದೇಶದ ಹಲವು ನಗರಗಳಲ್ಲಿ ಬೇರೂರಿದೆ. ಅದಕ್ಕೆ ಕಟ್ಟಡ ಬೇಡ, ವಾಹನ ಬೇಡ. ಊರಿನ ಚರಿತ್ರೆಯನ್ನು ಬಲ್ಲ ಮಾರ್ಗದರ್ಶಿಯೊಬ್ಬರು ಹದಿನೈದು ಇಪ್ಪತ್ತು ಮಂದಿಯನ್ನು ಕೂಡಿಸಿಕೊಂಡು ಬೆಳಗಿನ ಹೊತ್ತು ಹಳೆಯ ಬೀದಿಗಳಲ್ಲಿ ಎರಡು ಗಂಟೆ ನಡೆಯುತ್ತಾರೆ, ಕಂಡದ್ದನ್ನು ವಿವರಿಸುತ್ತಾರೆ. ಇದಕ್ಕೆ ಪರಂಪರೆ ನಡಿಗೆಯೆಂದು ಹೆಸರು.

ಮೇಲುನೋಟಕ್ಕೆ ಸುಲಭವೆನಿಸುವ ಈ ವ್ಯವಹಾರದ ಒಳಗೆ ಒಂದು ತೊಡಕಿದೆ. ನಡಿಗೆಯ ಶುಲ್ಕ ಒಬ್ಬರ ಕೈ ಸೇರುತ್ತದೆ. ಅದರಿಂದ ಹೆಚ್ಚುವ ವ್ಯಾಪಾರ ಇನ್ನೊಬ್ಬರದಾಗುತ್ತದೆ. ಯಾರ ಹಳೆಯ ಮನೆಯನ್ನು ನೋಡಲೆಂದು ಜನ ಬಂದರೋ ಅವರಿಗೆ ಮಾತ್ರ ಏನೂ ದಕ್ಕುವುದಿಲ್ಲ. ಈ ತೊಡಕನ್ನು ಬಿಡಿಸದೆ ಆರಂಭಿಸಿದ ನಡಿಗೆ ಕೆಲವೇ ವರ್ಷಗಳಲ್ಲಿ ತನ್ನ ಸರಕನ್ನೇ ಕಳೆದುಕೊಳ್ಳುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವರ್ತಕರಿಗೆ ಈ ವಿಷಯ ಅಭ್ಯಾಸಯೋಗ್ಯವಾಗಿದೆ. ಏಳೂವರೆ ಶತಮಾನಗಳ ಹಿಂದೆ ಉದ್ದೇಶಪೂರ್ವಕವಾಗಿ ಸ್ಥಾಪಿತವಾದ ಊರೊಂದು ಇದೇ ತೆಂಗಿನ ಸೀಮೆಯ ನಡುವೆ ಇದೆ.

ನೆಟ್ಟ ಊರು, ತಾನೇ ಬೆಳೆದ ಊರು

ಸಾಲು ಹಿಡಿದು ಗುಂಡಿ ತೆಗೆದು ನೆಟ್ಟ ತೋಟಕ್ಕೂ ಹಳ್ಳದ ದಡದಲ್ಲಿ ತಾನಾಗಿ ಎದ್ದ ಮರಗಳಿಗೂ ಇರುವ ವ್ಯತ್ಯಾಸ ಊರುಗಳಲ್ಲಿಯೂ ಉಂಟು. ತಿಪಟೂರು ಎರಡನೆಯ ಬಗೆಯದು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದತ್ತ ಸಾಗಿದ ರೈಲು ಮಾರ್ಗ ಈ ಊರನ್ನು ಮುಟ್ಟಿತು. ಹಿಂದೆ ಹೊನ್ನವಳ್ಳಿಯಲ್ಲಿದ್ದ ತಾಲ್ಲೂಕು ಕೇಂದ್ರವೂ ಇಲ್ಲಿಗೆ ಬಂದಿತು. ಮಂಡಿಗಳು ಒಂದರ ಪಕ್ಕದಲ್ಲೊಂದು ಎದ್ದವು. ಇಂದು ಉಂಡೆ ಕೊಬ್ಬರಿಯ ಮಾತು ಬಂದಲ್ಲೆಲ್ಲ ತಿಪಟೂರು ಮಾರುಕಟ್ಟೆಯ ಧಾರಣೆಯನ್ನೇ ಕೇಳುತ್ತಾರೆ. ವ್ಯಾಪಾರವೇ ಬೆಳೆಸಿದ ಊರು ಅದು.

ಮೊದಲನೆಯ ಬಗೆಯ ಊರುಗಳನ್ನು ಒಬ್ಬ ಅರಸನೋ ಅಧಿಕಾರಿಯೋ ಸಂಘವೋ ಒಂದು ಉದ್ದೇಶವನ್ನಿಟ್ಟುಕೊಂಡು ಕಟ್ಟಿಸಿರುತ್ತಾರೆ. 1727ರಲ್ಲಿ ಸವಾಯಿ ಜಯಸಿಂಹನು ಸ್ಥಾಪಿಸಿದ ಜೈಪುರ ಇದರ ಪ್ರಸಿದ್ಧ ನಿದರ್ಶನ. ಅದು ವ್ಯಾಪಾರಕ್ಕೆಂದೇ ಯೋಜಿಸಿದ ನಗರ. ಮುಖ್ಯ ಬೀದಿಗಳ ಇಕ್ಕೆಲಗಳಲ್ಲಿ ಒಂದೇ ಅಚ್ಚಿನ ಅಂಗಡಿ ಸಾಲುಗಳಿದ್ದು, ಅವೇ 2019ರಲ್ಲಿ ಆ ನಗರಕ್ಕೆ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ದೊರಕಲು ಮುಖ್ಯ ಆಧಾರಗಳಲ್ಲೊಂದಾದವು. ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್ ಸಹ ಇದೇ ಜಾತಿಗೆ ಸೇರಿದ್ದು. 1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ನೀಡಿದ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ವೃತ್ತಾಕಾರದ ಬೀದಿಯ ಸುತ್ತ ಅದನ್ನು ರೂಪಿಸಲಾಯಿತು. ಇಂದು ತಂತ್ರಾಂಶ ಕಂಪನಿಗಳ ಊರೆಂದು ಹೆಸರಾದ ಅಲ್ಲಿ ಆ ವೃತ್ತ ಉಳಿದಿದೆ. ಸುತ್ತಣ ಹೆಂಚಿನ ಬಂಗಲೆಗಳಲ್ಲಿ ಬಹುಪಾಲು ಉಳಿದಿಲ್ಲ.

ತುರುವೇಕೆರೆ ಇವೆರಡಕ್ಕಿಂತಲೂ ಹಳೆಯದು. ಹೊಯ್ಸಳ ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ ಸೋಮ ದಂಡನಾಯಕನು ಅಗ್ರಹಾರವಾಗಿ ಸ್ಥಾಪಿಸಿದ ಊರು ಇದು. ಸೋಮನಾಥಪುರದ ಕರ್ತೃವೆಂದು ಗುರುತಿಸಲಾಗುವವನೂ ಇವನೇ. ಅರಸನ ಹೆಸರಿನಲ್ಲಿ ಈ ಊರಿಗೆ ವಿಜಯ ನರಸಿಂಹಪುರವೆಂಬ ನಾಮಧೇಯವಿತ್ತು. ಚೆನ್ನಿಗರಾಯ ದೇವಾಲಯದ ಕಾಲ 1263. ಅಗ್ರಹಾರವೆಂದರೆ ಕೇವಲ ಬ್ರಾಹ್ಮಣರ ಮನೆ ಸಾಲೆಂದು ತಿಳಿಯುವುದು ಅಪೂರ್ಣ ತಿಳಿವಳಿಕೆ. ಭೂಮಿಯನ್ನು ವೃತ್ತಿಗಳೆಂಬ ಪಾಲುಗಳಾಗಿ ಹಂಚುವುದು, ಮನೆ ನಿವೇಶನಗಳನ್ನು ಗುರುತಿಸುವುದು, ನೀರಿಗೆ ಕೆರೆ, ಪೂಜೆಗೆ ದೇವಾಲಯ, ದೀಪದ ಎಣ್ಣೆಗೆ ಗಾಣದವರಿಂದ ಸಲ್ಲಬೇಕಾದ ಪಾಲು, ಹೂವಿನವರಿಗೂ ವಾದ್ಯದವರಿಗೂ ಜೀವನಾಧಾರ, ಇವೆಲ್ಲವನ್ನೂ ಹೊಯ್ಸಳರ ಕಾಲದ ಶಾಸನಗಳು ಕರಾರುಪತ್ರದಂತೆ ಬರೆದಿಡುತ್ತವೆ. ಒಂದರ್ಥದಲ್ಲಿ ಅದು ಊರು ಕಟ್ಟುವ ಯೋಜನಾ ವರದಿಯೂ ಹೌದು, ಆಯವ್ಯಯ ಪತ್ರವೂ ಹೌದು. ಆ ಯೋಜನೆಯಲ್ಲಿ ಎಲ್ಲರಿಗೂ ಸಮಾನ ಸ್ಥಾನವಿರಲಿಲ್ಲ, ದುಡಿಯುವ ಜನರ ಕೇರಿಗಳು ಹೊರಗಿದ್ದವು ಎಂಬುದೂ ಅಷ್ಟೇ ನಿಜ. ಅದನ್ನು ಮುಚ್ಚಿಡುವ ನಡಿಗೆ ಅರ್ಧ ನಡಿಗೆಯೇ ಸರಿ.

ಬಸವನಗುಡಿಯ ಪಾಠ

ಯೋಜಿತ ಊರಿನಲ್ಲಿ ನಡಿಗೆ ಏನನ್ನು ಮಾರುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗಲಿತು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳ ಇಕ್ಕಟ್ಟಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಮನೆಗಳಲ್ಲಿ ಗಾಳಿಗೂ ಬೆಳಕಿಗೂ ಎಡೆಯಿರಲಿಲ್ಲ; ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಅದಕ್ಕೆ ಕೆಲವೇ ವರ್ಷಗಳ ಮೊದಲು ಕಾಗದದ ಮೇಲಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಆ ವಿಪತ್ತಿನ ಬಳಿಕ ವೇಗವಾಗಿ ಬೆಳೆದವು. ಅಗಲವಾದ ನೇರ ಬೀದಿಗಳು, ಮನೆಯ ನಾಲ್ಕೂ ಕಡೆ ಖಾಲಿ ಜಾಗ, ಮುಂದೆ ಹೂದೋಟ, ಹಿಂದೆ ಕನ್ಸರ್ವೆನ್ಸಿ ಎಂದು ಕರೆಯಲಾಗುವ ಸಣ್ಣ ಗಲ್ಲಿ. ಕಕ್ಕಸಿನ ಹೊಲಸು ಸಾಗಿಸುವವರು ಮುಂಬಾಗಿಲಿಗೆ ಬಾರದೆ ಆ ಗಲ್ಲಿಯಲ್ಲಿಯೇ ಬಂದು ಹೋಗಬೇಕೆಂಬುದು ಅಂದಿನ ಏರ್ಪಾಡು. ಬಡಾವಣೆಯ ಭಾಗಗಳನ್ನು ಸಮುದಾಯವಾರು ವಿಂಗಡಿಸಿದ್ದೂ ಉಂಟು.

ಇಂದು ಬಸವನಗುಡಿಯಲ್ಲಿ ನಡಿಗೆ ಹೊರಟವರಿಗೆ ಮಾರ್ಗದರ್ಶಿ ತೋರಿಸುವುದು ಈ ತರ್ಕವನ್ನು. ಹಿಂಬದಿಯ ಗಲ್ಲಿಯಲ್ಲಿ ನೋಡತಕ್ಕ ಶಿಲ್ಪವಿಲ್ಲ, ಕಮಾನಿಲ್ಲ. ಅದು ಏಕೆ ಅಲ್ಲಿದೆಯೆಂದು ತಿಳಿದ ಕ್ಷಣದಲ್ಲಿ ಮಾತ್ರ ಕೇಳುವವನಿಗೆ ಇಡೀ ಬಡಾವಣೆ ಅರ್ಥವಾಗುತ್ತದೆ, ಜೊತೆಗೆ ಯಾರ ಶ್ರಮದ ಮೇಲೆ ಆ ಸ್ವಚ್ಛತೆ ನಿಂತಿತ್ತೆಂಬುದೂ ಹೊಳೆಯುತ್ತದೆ. ದೇವಾಲಯವನ್ನೋ ಅರಮನೆಯನ್ನೋ ಪ್ರವಾಸಿಗ ತಾನೇ ನೋಡಿಕೊಳ್ಳಬಲ್ಲ. ಬೀದಿಯನ್ನು ಓದಲು ಅವನಿಗೆ ಒಬ್ಬರ ನೆರವು ಬೇಕು. ಆದುದರಿಂದಲೇ ಯೋಜಿತ ಊರುಗಳಲ್ಲಿ ಮಾರ್ಗದರ್ಶಿಯ ಮಾತಿಗೆ ಬೆಲೆ ಬರುತ್ತದೆ. 1984ರಲ್ಲಿ ಸ್ಥಾಪನೆಯಾದ ಇನ್‌ಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಪರಿಚಯ್ ಎಂಬ ಹೆಸರಿನಲ್ಲಿ ಇಂತಹ ನಡಿಗೆಗಳನ್ನು ನಡೆಸುತ್ತ ಬಂದಿದೆ. ಖಾಸಗಿಯಾಗಿ ಇದನ್ನೇ ವೃತ್ತಿ ಮಾಡಿಕೊಂಡವರೂ ಬೆಂಗಳೂರು, ಮೈಸೂರುಗಳಲ್ಲಿದ್ದಾರೆ.

ವರ್ತಕರು ಗಮನಿಸಬೇಕಾದ ಇನ್ನೊಂದು ಸಂಗತಿ ನಡಿಗೆ ಎಲ್ಲಿ ಮುಗಿಯುತ್ತದೆ ಎಂಬುದು. ಎರಡು ಗಂಟೆ ನಡೆದವನಿಗೆ ಹಸಿವಾಗುತ್ತದೆ. ಬಸವನಗುಡಿಯ ದಾರಿಗಳೆಲ್ಲ ಕೊನೆಗೆ ಗಾಂಧಿ ಬಜಾರನ್ನು ಸೇರುತ್ತವೆ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಮಸಾಲೆ ದೋಸೆ, ಹೂವಿನ ಸಾಲು, ಗ್ರಂಥಿಗೆ ಅಂಗಡಿ, ಕಾಫಿ ಪುಡಿಯ ಪರಿಮಳ ಅಲ್ಲಿ ಕಾದಿರುತ್ತವೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯ ಮಾತು ಬಂದಾಗ ಕೇಳುಗರು ಮತ್ತೊಮ್ಮೆ ಬರುವ ದಿನವನ್ನು ಅಲ್ಲಿಯೇ ಗೊತ್ತುಮಾಡಿಕೊಳ್ಳುತ್ತಾರೆ. ಬಜಾರಿನಲ್ಲಿ ಕೊನೆಗೊಳ್ಳುವ ನಡಿಗೆಗೂ ಕಾರು ನಿಲ್ಲಿಸಿದ ಜಾಗದಲ್ಲಿಯೇ ಕೊನೆಗೊಳ್ಳುವ ನಡಿಗೆಗೂ ಊರಿನ ಗಲ್ಲಾಪೆಟ್ಟಿಗೆಯ ದೃಷ್ಟಿಯಿಂದ ಅಜಗಜಾಂತರವಿದೆ.

ಆದರೆ ಇದೇ ಬಸವನಗುಡಿ, ಮಲ್ಲೇಶ್ವರಗಳು ಎಚ್ಚರಿಕೆಯ ಉದಾಹರಣೆಗಳೂ ಆಗಿವೆ. ಮಂಕಿ ಟಾಪ್ ಎಂದು ಕರೆಯುವ ಮರದ ಪಟ್ಟಿಯ ಚೂಪು ಮುಡಿಗಳ ಕಿಟಕಿ, ಹೆಂಚಿನ ಮಾಡು, ಕಾಂಪೌಂಡಿನ ಮಾವಿನ ಮರಗಳಿದ್ದ ಮನೆಗಳು ಒಂದೊಂದಾಗಿ ಉರುಳಿ ಬಹುಮಹಡಿ ವಸತಿಗಳಾದವು. ನಿವೇಶನದ ಬೆಲೆ ಕೋಟಿಗಳಲ್ಲಿ ಏರಿದಾಗ, ಹಳೆಯ ಮಾಡಿನ ದುರಸ್ತಿ ವರ್ಷವರ್ಷವೂ ಜೇಬು ಸುಡುವಾಗ, ಆಸ್ತಿ ನಾಲ್ವರು ಅಣ್ಣತಮ್ಮಂದಿರಿಗೆ ಹಂಚಿಕೆಯಾಗಬೇಕಾದಾಗ, ಮನೆಯವರನ್ನು ದೂರುವುದು ನ್ಯಾಯವಲ್ಲ. ಬೆಂಗಳೂರಿನ ಹಲವು ಬೀದಿಗಳಲ್ಲಿ ಮಾರ್ಗದರ್ಶಿ ಈಗ ಇಲ್ಲಿ ಇಂತಹ ಮನೆಯಿತ್ತು ಎಂದು ಹಳೆಯ ಛಾಯಾಚಿತ್ರ ಹಿಡಿದು ತೋರಿಸಬೇಕಾಗಿದೆ.

ಹೊಣೆ ಹೊತ್ತವರು ಯಾರು

ಅಹಮದಾಬಾದಿನಲ್ಲಿ 1997ರ ನವೆಂಬರಿನಲ್ಲಿ ಅಲ್ಲಿನ ಮಹಾನಗರಪಾಲಿಕೆಯೇ ನಡಿಗೆಯನ್ನು ಆರಂಭಿಸಿತು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಬೆಳಿಗ್ಗೆ ಹೊರಟು, ಪೋಳಗಳೆಂಬ ಹಳೆಯ ಕೇರಿಗಳ ಒಳಗೆ ನುಸುಳಿ, ಹಕ್ಕಿಗಳಿಗೆ ಕಾಳು ಹಾಕುವ ಕಂಬಗಳನ್ನೂ ಮರದ ಕೆತ್ತನೆಯ ಮುಂಬಾಗಿಲುಗಳನ್ನೂ ಕಂಡು, ಮಾಣೆಕ್ ಚೌಕದ ಪೇಟೆಯ ಬಳಿಯ ಜಾಮಾ ಮಸೀದಿಯಲ್ಲಿ ಅದು ಮುಗಿಯುತ್ತದೆ. ಇಪ್ಪತ್ತು ವರ್ಷಗಳ ತರುವಾಯ, 2017ರಲ್ಲಿ, ಆ ನಗರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಡಿಗೆಯೊಂದರಿಂದಲೇ ಇದಾಯಿತೆಂದು ಹೇಳಲಾಗದು. ಆದರೂ ಶುಲ್ಕದ ಲಾಭನಷ್ಟ ನೋಡದೆ ಸ್ಥಳೀಯ ಸಂಸ್ಥೆಯೊಂದು ದೀರ್ಘಕಾಲ ಹೊಣೆ ಹೊತ್ತುದರಿಂದ ಅಲ್ಲಿನ ನಿವಾಸಿಗಳಿಗೆ ತಮ್ಮ ಕೇರಿ ನೋಡತಕ್ಕದ್ದೆಂಬ ಭಾವನೆ ಬೆಳೆಯಲು ಅವಕಾಶವಾಯಿತು. ನಡಿಗೆ ಮೊದಲ ವರ್ಷದಲ್ಲಿಯೇ ಲಾಭ ತರಬೇಕೆಂದು ಪಟ್ಟುಹಿಡಿದಿದ್ದರೆ ಎರಡನೆಯ ವರ್ಷ ಬಹುಶಃ ಬರುತ್ತಲೇ ಇರಲಿಲ್ಲ.

ಮೈಸೂರಿನ ಅನುಭವ ಬೇರೆಯದು, ಕಹಿಯೂ ಹೌದು. 1903ರಲ್ಲಿ ನಗರ ಸುಧಾರಣಾ ಮಂಡಲಿಯನ್ನು ಸ್ಥಾಪಿಸಿ ಬೀದಿ, ವೃತ್ತ, ಅಗ್ರಹಾರ, ಮಾರುಕಟ್ಟೆಗಳನ್ನು ಕ್ರಮಬದ್ಧವಾಗಿ ರೂಪಿಸಿದ ನಗರ ಅದು. ಅಲ್ಲಿನ ಪರಂಪರೆ ನಡಿಗೆಗಳಲ್ಲಿ ದೇವರಾಜ ಮಾರುಕಟ್ಟೆ ತಪ್ಪದ ನಿಲ್ದಾಣ. ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಕುಂಕುಮದ ರಾಶಿಗಳ ಚಿತ್ರ ತೆಗೆಯದ ಪ್ರವಾಸಿಗನಿಲ್ಲ. ಹಾಗಿದ್ದೂ 2012ರ ಆಗಸ್ಟಿನಲ್ಲಿ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ಕೆಡವಿ ಕಟ್ಟಬೇಕೇ, ದುರಸ್ತಿ ಮಾಡಬೇಕೇ ಎಂಬ ವಿವಾದ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ನಡೆಯಿತು. ಎರಡೂ ಕಟ್ಟಡಗಳಲ್ಲಿದ್ದವರು ಸಣ್ಣ ವರ್ತಕರು. ಸಾವಿರಾರು ಜನ ನೋಡಿ ಮೆಚ್ಚಿದ ಮಾಡಿನ ಒಂದು ತೊಲೆಯನ್ನು ಬದಲಿಸಲು ಆ ಮೆಚ್ಚುಗೆಯಿಂದ ಒಂದು ರೂಪಾಯಿಯೂ ಬರುವ ದಾರಿ ಇರಲಿಲ್ಲ. ಹಳೆಯ ಕಟ್ಟಡದೊಳಗೆ ಕೂತು ವ್ಯಾಪಾರ ಮಾಡುವವನಿಗೆ ಪರಂಪರೆಯೆಂದರೆ ಮೊದಲು ಸೋರುವ ಮಾಡು, ಆಮೇಲೆ ಉಳಿದದ್ದು.

ಕಾಗದದ ಮೇಲೆ ಒಂದು ಲೆಕ್ಕ

ತುರುವೇಕೆರೆಯಲ್ಲಿ ಇಂತಹ ನಡಿಗೆಯನ್ನು ಆರಂಭಿಸಿದರೆ ಹಣಕಾಸು ಹೇಗಿರಬಹುದು? ಈ ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ ಇಟ್ಟುಕೊಂಡವು. ಸ್ಥಳೀಯ ದರಗಳನ್ನು ಹಾಕಿ ಪ್ರತಿಯೊಬ್ಬರೂ ತಾವೇ ತಿದ್ದಿಕೊಳ್ಳಬಹುದು.

ಒಬ್ಬರಿಗೆ 300 ರೂಪಾಯಿ ಶುಲ್ಕ, 20 ಜನರ ತಂಡ ಎಂದಿಟ್ಟುಕೊಂಡರೆ ಆದಾಯ 6,000 ರೂಪಾಯಿ. ಎಷ್ಟು ಜನ ಬಂದರೂ ತಪ್ಪದ ಖರ್ಚುಗಳಲ್ಲಿ ಮಾರ್ಗದರ್ಶಿಗೆ 1,500, ಸಹಾಯಕನಿಗೆ 500, ಒಳಗೆ ಬಿಟ್ಟುಕೊಂಡು ತೊಟ್ಟಿ, ಅಟ್ಟಗಳನ್ನು ತೋರಿಸುವ ಎರಡು ಮನೆಗಳಿಗೆ ತಲಾ 500, ಶೌಚಾಲಯದ ಶುಚಿತ್ವಕ್ಕೆ 300, ಒಟ್ಟು 3,300. ತಲೆಯೆಣಿಕೆಯ ಮೇಲೆ ಬೀಳುವ ಖರ್ಚು ತಿಂಡಿ ಕಾಫಿಗೆ 60, ಎಳನೀರಿಗೆ 40, ಮುದ್ರಿತ ನಕ್ಷೆಗೆ 10, ಅಂದರೆ ಒಬ್ಬರಿಗೆ 110. ಇಪ್ಪತ್ತು ಜನರಿಗೆ 2,200. ಎರಡೂ ಸೇರಿ 5,500. ಉಳಿಯುವುದು 500 ರೂಪಾಯಿ.

ಎಂಟೇ ಜನ ಬಂದರೆ? ಆದಾಯ 2,400, ಖರ್ಚು 4,180, ನಷ್ಟ 1,780. ಪ್ರತಿಯೊಬ್ಬ ಸಂದರ್ಶಕನಿಂದ ತಲೆಖರ್ಚು ಕಳೆದು ಉಳಿಯುವುದು 190 ರೂಪಾಯಿ. 3,300ನ್ನು 190ರಿಂದ ಭಾಗಿಸಿದರೆ ಹದಿನೇಳು ಮೀರುತ್ತದೆ; ಎಂದರೆ ಹದಿನೆಂಟನೆಯವನು ಬಂದ ಮೇಲೆಯೇ ನಡಿಗೆ ಲಾಭದ ಕಡೆಗೆ ಹೊರಳುತ್ತದೆ. ಇದು ಯಾರೂ ಸಾಲ ಮಾಡಿ ಇಳಿಯತಕ್ಕ ವ್ಯಾಪಾರವಲ್ಲ ಎಂಬುದು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಆ ಇಪ್ಪತ್ತು ಜನ ಪೇಟೆಯಲ್ಲಿ ತಲಾ 250 ರೂಪಾಯಿಯ ಕೊಬ್ಬರಿ, ಮಿಠಾಯಿ, ನಾರಿನ ವಸ್ತು ಕೊಂಡರೆ 5,000 ರೂಪಾಯಿ ವಹಿವಾಟು. ಈ ಹಣ ನಡಿಗೆ ನಡೆಸಿದವನ ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ. ನಷ್ಟ ಒಬ್ಬರ ಮನೆಯಲ್ಲಿ, ಲಾಭ ಹತ್ತು ಅಂಗಡಿಗಳಲ್ಲಿ. ಬಿಡಿ ವ್ಯಕ್ತಿಗೆ ಹೊರಲಾಗದ ಇಂತಹ ಹೊರೆ ವರ್ತಕರ ಸಂಘಕ್ಕೆ ಹಗುರ. ಹತ್ತು ಅಂಗಡಿಗಳು ತಿಂಗಳಿಗೆ 300 ರೂಪಾಯಿಯಂತೆ ಸೇರಿಸಿದರೆ 3,000 ರೂಪಾಯಿಯಾಗುತ್ತದೆ. ತಿಂಗಳಿಗೊಂದು ನಡಿಗೆ, ಅದೂ ಜನ ಕಡಮೆ ಬಂದ ನಡಿಗೆ, ಅದರ ನಷ್ಟವನ್ನು ತುಂಬಿ ಉಳಿಯುತ್ತದೆ.

ಈ ಪಟ್ಟಿಯಲ್ಲಿ ಎರಡು ಮನೆಗಳಿಗೆಂದು ಇಟ್ಟ 1,000 ರೂಪಾಯಿಯನ್ನು ಉಳಿತಾಯದ ಹೆಸರಿನಲ್ಲಿ ಅಳಿಸಿಹಾಕುವ ಆಸೆ ಸಹಜವಾಗಿ ಹುಟ್ಟುತ್ತದೆ. ಪರಿಚಯದ ಮನೆಯವರು ಹಣ ಕೇಳುವುದಿಲ್ಲ, ಬಂದವರಿಗೆ ಕಾಫಿಯನ್ನೂ ಕೊಟ್ಟಾರು. ಈ ದಾಕ್ಷಿಣ್ಯದ ಏರ್ಪಾಡು ಮೂರು ನಾಲ್ಕು ಬಾರಿ ನಡೆಯುತ್ತದೆ. ಐದನೆಯ ಸಲ ಮನೆಯಲ್ಲಿ ಶುಭಕಾರ್ಯವಿರುತ್ತದೆ, ಆರನೆಯ ಸಲ ಬಾಗಿಲು ತೆರೆಯುವುದಿಲ್ಲ, ಹತ್ತನೆಯ ಸಲಕ್ಕೆ ತೊಟ್ಟಿಯ ಮೇಲೆ ಆರ್‌ಸಿಸಿ ಬಿದ್ದಿರುತ್ತದೆ. ತಿಂಗಳಿಗೆರಡು ನಡಿಗೆಯಾದರೆ ಮನೆಯೊಂದಕ್ಕೆ ವರ್ಷಕ್ಕೆ 12,000 ರೂಪಾಯಿ ಸಲ್ಲುತ್ತದೆ. ಇದರಿಂದ ಮನೆ ಮಾರುವವರು ಮಾರದೆ ನಿಲ್ಲುವುದಿಲ್ಲ; ಆದರೆ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಲು, ಗೆದ್ದಲು ಹತ್ತಿದ ಪಟ್ಟಿ ಬದಲಿಸಲು ಸಾಕಾಗುತ್ತದೆ. ಈ ಖರ್ಚನ್ನು ಗೋದಾಮಿನ ಬಾಡಿಗೆಯಂತೆ ಮೊದಲ ಸಾಲಿನಲ್ಲಿಯೇ ಬರೆಯತಕ್ಕದ್ದು.

ತುರುವೇಕೆರೆಯ ದಾರಿ

ಬಿ.ಎಚ್. ರಸ್ತೆಯಲ್ಲಿ ಬೇಲೂರು, ಹಳೇಬೀಡಿನತ್ತ ಸಾಗುವ ವಾಹನಗಳಿಗೆ ತೆಂಗಿನ ಸೀಮೆ ಕಿಟಕಿಯ ಆಚೆಗಿನ ಹಸುರು ಮಾತ್ರ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳವೆಂಬ ಹೆಸರಿಗೆ ಹೊಸ ಆಕರ್ಷಣೆ ಬಂದಿದೆ. ಆಸಕ್ತಿಯಿಂದ ಹೆದ್ದಾರಿ ಬಿಟ್ಟು ಒಳಗೆ ಬಂದವರೂ ಚೆನ್ನಿಗರಾಯನ ಗುಡಿಯನ್ನು ಹದಿನೈದು ನಿಮಿಷ ನೋಡಿ, ಬೆಂಗಳೂರಿನಿಂದ ತಂದ ನೀರನ್ನೇ ಕುಡಿದು ಹಿಂದಿರುಗಿದರೆ ಊರಿಗೆ ಉಳಿಯುವುದು ಧೂಳು ಮಾತ್ರ. ಕೆತ್ತನೆಯ ವೈಭವದಲ್ಲಿ ತುರುವೇಕೆರೆಯನ್ನು ಬೇಲೂರಿನ ಜೊತೆ ಪೈಪೋಟಿಗೆ ಇಳಿಸುವುದು ಸೋಲುವ ಆಟ. ಇಲ್ಲಿನ ಬಲ ಒಂದು ಯೋಜಿತ ಊರಿನ ಹಲವು ಅಂಗಗಳು ಕಾಲ್ನಡಿಗೆಯಲ್ಲಿ ಸಿಗುವಷ್ಟು ಹತ್ತಿರದಲ್ಲಿರುವುದು.

ಚೆನ್ನಿಗರಾಯ ದೇವಾಲಯದಿಂದ ಹೊರಟರೆ ಊರು ಸ್ಥಾಪನೆಯಾದ ಕಥೆಯನ್ನೂ ಶಾಸನಗಳ ಕರಾರನ್ನೂ ಅಲ್ಲಿಯೇ ಹೇಳಬಹುದು. ಗಂಗಾಧರೇಶ್ವರ ದೇವಾಲಯದಲ್ಲಿ ಕನ್ನಡಿಯಂತೆ ನುಣುಪಾದ ಕರಿಕಲ್ಲಿನ ನಂದಿಯೂ ಬಡಿದರೆ ನಾದ ಹೊರಡುವ ಕಲ್ಲಿನ ಗಂಟೆಯೂ ಇವೆ. ಮಕ್ಕಳಿರುವ ತಂಡಕ್ಕೆ ಇದಕ್ಕಿಂತ ಒಳ್ಳೆಯ ನಿಲ್ದಾಣ ಬೇರಿಲ್ಲ. ಬಳಿಕ ಮೂಲೆ ಶಂಕರೇಶ್ವರ. ವಿಷ್ಣುವಿನ ಗುಡಿ ಊರೊಳಗೆ, ಶಿವನ ಗುಡಿ ಈಶಾನ್ಯದ ಮೂಲೆಯಲ್ಲಿ ಎಂಬುದು ಅಗ್ರಹಾರಗಳ ವಾಡಿಕೆ. ದಿನವೂ ಬಾಯಲ್ಲಿ ಬರುವ ಆ ಮೂಲೆ ಎಂಬ ಮಾತಿನೊಳಗೆ ಹಳೆಯ ನಕ್ಷೆಯೊಂದು ಅಡಗಿದೆಯೆಂದು ಸ್ಥಳೀಯರಿಗೂ ಒಮ್ಮೆ ಹೇಳಿ ನೋಡಬೇಕು. ಕೆರೆ ಏರಿಯ ಮೇಲೆ ನಿಂತು ದನಕರುಗಳ ಅರ್ಥದ ತುರು ಎಂಬ ಪದವನ್ನೂ ನೀರು ಹರಿದು ತೋಟಗಳಾದ ಬಗೆಯನ್ನೂ ವಿವರಿಸಿದರೆ ಕಲ್ಲಿನ ಕಥೆ ತೆಂಗಿನ ಕಥೆಗೆ ತಾನಾಗಿ ಕೂಡಿಕೊಳ್ಳುತ್ತದೆ.

ಕೊನೆಯ ನಿಲ್ದಾಣ ಅಟ್ಟವಿರುವ ಮನೆಯಾಗಿರಲಿ. ಸುಲಿಯದ ಕಾಯಿಗಳನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಕಳಚಿ, ಅಲುಗಿಸಿದಾಗ ಗಡಗಡ ಸದ್ದು ಮಾಡುತ್ತದೆ. ಈ ಸೀಮೆಯವರಿಗೆ ಇದು ನಿತ್ಯದ ವಿಷಯ. ಅಂಗಡಿಯಲ್ಲಿ ತುರಿದ ಕೊಬ್ಬರಿ ಕೊಳ್ಳುವ ನಗರದ ಗ್ರಾಹಕನಿಗೆ ವರ್ಷಕಾಲ ಕಾದು ತಯಾರಾಗುವ ಪದಾರ್ಥವಿದೆಂಬ ಕಲ್ಪನೆಯೇ ಇಲ್ಲ. ಕಾಯಿಯನ್ನು ಅವನ ಕೈಗೆ ಕೊಟ್ಟು ಅಲುಗಿಸಲು ಹೇಳಬೇಕು. ಆಮೇಲೆ ಕೊಬ್ಬರಿಯ ಬೆಲೆ ಹೇಳಿದರೆ ಚೌಕಾಶಿ ಅರ್ಧಕ್ಕೆ ಇಳಿಯುತ್ತದೆ.

ಸಣ್ಣ ಉದ್ದಿಮೆದಾರರು ಇಲ್ಲಿಯೇ ತಮ್ಮ ಪದ್ಧತಿಯನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಕ್ವಿಂಟಾಲಿನಲ್ಲಿ ಮಾರಿ ಅಭ್ಯಾಸವಾದ ಊರಿಗೆ ಕಾಲು ಕಿಲೋ ಪೊಟ್ಟಣ ಕ್ಷುಲ್ಲಕವಾಗಿ ತೋರಬಹುದು. ನಡಿಗೆಗೆ ಬಂದವನು ಮೂಟೆ ಕೊಳ್ಳುವುದಿಲ್ಲ. ಕೈಚೀಲದಲ್ಲಿ ಹಿಡಿಯುವಷ್ಟನ್ನು ಕೊಳ್ಳುತ್ತಾನೆ. ನಾಲ್ಕು ಉಂಡೆಗಳ ಕೊಬ್ಬರಿ ಪೊಟ್ಟಣ, ಕೊಬ್ಬರಿ ಮಿಠಾಯಿ, ಚಿಪ್ಪಿನ ಸೌಟು, ನಾರಿನ ಕಾಲೊರಸು ಇವೆಲ್ಲ ಸಲ್ಲುವ ಸರಕುಗಳು. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ವರ್ಷ, ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಲೇಬೇಕು. ಊರಿನ ಹೆಸರನ್ನೂ ಎದ್ದು ಕಾಣುವಂತೆ ಅಚ್ಚುಹಾಕಿಸಿದರೆ ಆ ಪೊಟ್ಟಣ ಬೆಂಗಳೂರಿನ ಯಾವುದೋ ಅಡುಗೆಮನೆಯಲ್ಲಿ ಆರು ತಿಂಗಳು ಊರಿನ ಜಾಹೀರಾತಾಗಿ ಕೂರುತ್ತದೆ.

ಒಂದೇ ಊರಿನಿಂದ ದಿನ ತುಂಬದವರಿಗೆ ನೆರೆಹೊರೆ ಇದ್ದೇ ಇದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಗಂಗ-ನೊಳಂಬರ ಕಾಲದ ಕಲ್ಲೇಶ್ವರವೂ ಹೊನ್ನೋಜನ ಹೆಸರು ಹೊತ್ತ ಚೆನ್ನಕೇಶವ ದೇವಾಲಯವೂ ಇವೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ 1261ರ ಯೋಗಮಾಧವನಿದ್ದಾನೆ. ತುರುವೇಕೆರೆ ತಾಲ್ಲೂಕಿನ ನಾಗಲಾಪುರದಲ್ಲಿ ಕೇಶವ, ಕೇದಾರೇಶ್ವರ ಗುಡಿಗಳಿವೆ. ಇವು ವಾಹನದಲ್ಲಿ ಹೋಗಿ ನೋಡತಕ್ಕ ಸ್ಥಳಗಳು. ಬೆಳಗಿನ ನಡಿಗೆ, ಮಧ್ಯಾಹ್ನದ ಊಟ, ಸಂಜೆಗೆ ಇವುಗಳಲ್ಲೊಂದು ಎಂದು ಹೊಂದಿಸಿದರೆ ಬಾಡಿಗೆ ಕಾರಿನವರಿಗೂ ಊಟದ ಹೋಟೆಲಿನವರಿಗೂ ಪಾಲು ಸಿಗುತ್ತದೆ.

ಮೊದಲ ತಂಡವನ್ನು ಕರೆಯುವ ಮುನ್ನ ಸಂಘದವರು ಮಾಡಿ ಮುಗಿಸಬೇಕಾದ ಕೆಲಸಗಳು ಚಿಕ್ಕವಾದರೂ ತಪ್ಪಿಸಲಾಗದವು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದರೆ ಅದರ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ಅನುಮತಿಗೊಳಪಟ್ಟ ವಲಯ. ಮಾರಾಟದ ಮಳಿಗೆಯನ್ನೋ ಶೌಚಾಲಯವನ್ನೋ ಗುಡಿಯ ಪಕ್ಕದಲ್ಲಿಯೇ ಕಟ್ಟಲು ಹೊರಡುವ ಉತ್ಸಾಹಿಗಳು ಇದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಆವರಣದೊಳಗೆ ಮಾರ್ಗದರ್ಶನ ಮಾಡಲು ಒಪ್ಪಿಗೆ ಬೇಕೇ ಎಂದು ಇಲಾಖೆಯಿಂದ ಬರಹದಲ್ಲಿ ಪಡೆಯುವುದು ಲೇಸು. ಮಾರ್ಗದರ್ಶಿಯಾಗಿ ಊರಿನ ನಿವೃತ್ತ ಉಪಾಧ್ಯಾಯರೊಬ್ಬರನ್ನೂ ಕಾಲೇಜಿನ ಇತಿಹಾಸ ವಿದ್ಯಾರ್ಥಿಯೊಬ್ಬರನ್ನೂ ಜೊತೆಗೂಡಿಸಿದರೆ ಒಬ್ಬರ ನೆನಪು, ಇನ್ನೊಬ್ಬರ ಕಂಠ ಎರಡೂ ಒದಗುತ್ತವೆ. ಜಕಣಾಚಾರಿಯ ಕಥೆಯನ್ನು ಪ್ರತಿ ಕಂಬಕ್ಕೂ ಅಂಟಿಸುವ ಚಪಲವನ್ನು ಇಬ್ಬರೂ ಬಿಡಬೇಕು.

ದಿನದ ಆಯ್ಕೆಯಲ್ಲಿಯೂ ಜಾಗ್ರತೆ ಬೇಕು. ಮಳೆ ಹಿಂದೆ ಸರಿದ ಕಾರ್ತಿಕದಿಂದ ಶಿವರಾತ್ರಿಯವರೆಗಿನ ಭಾನುವಾರಗಳು ಅನುಕೂಲ. ಬೆಳಿಗ್ಗೆ ಏಳೂವರೆಗೆ ಹೊರಟರೆ ಬಿಸಿಲೇರುವ ಮೊದಲು ಅಟ್ಟದ ಮನೆ ಸೇರಬಹುದು. ಭಾನುವಾರ ಬಾಗಿಲು ಹಾಕುವ ಅಂಗಡಿಗಳು ನಡಿಗೆಯ ದಿನವಾದರೂ ಹತ್ತು ಗಂಟೆಗೆ ತೆರೆದಿರಬೇಕು. ಇನ್ನು, ಗುಡಿಯ ಬೀಗದ ಕೈ ಯಾರ ಬಳಿ ಇರುತ್ತದೆ, ಅವರು ಆ ದಿನ ಊರಲ್ಲಿರುತ್ತಾರೆಯೇ ಎಂಬುದನ್ನು ಹಿಂದಿನ ಸಂಜೆಯೇ ಹೋಗಿ ಕೇಳಿಕೊಂಡು ಬರತಕ್ಕದ್ದು.